ದಂಶಮಶಕ ಪರೀಷಹವೂ ಗೃಹಸ್ಥನ ಕರ್ತವ್ಯವೂ

ಮುನಿಗಳು ಜಯಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ದಂಶಮಶಕವೂ ಒಂದೆಂಬುದು ಶ್ರಾವಕರೆಲ್ಲರಿಗೂ ವಿದಿತವೇ ಆಗಿದೆ. ನೊಣ ಸೊಳ್ಳೆಗಳು ಕಚ್ಚಿದರೂ ಅವುಗಳ ಮೇಲೆ ದ್ವೇಷವನ್ನು ತಾಳದೆ ಸಮಭಾವದಿಂದಿರುವುದೇ ಆ ಜಯ. ಸೊಳ್ಳೆಯು ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಿ. ಅದನ್ನು ಕೊಲ್ಲದಿರುವುದು ಧರ್ಮವಾದರೆ, ಡೆಂಗ್ಯೂ ಮಲೇರಿಯಗಳು ಊರನ್ನು ಮುತ್ತಿದಾಗ ಕೈಕಟ್ಟಿ ಕುಳಿತಿರುವುದೂ ಧರ್ಮವೇ ಎಂದು ಗೃಹಸ್ಥನು ಕೇಳಿದರೆ ಏನೆಂದು ಉತ್ತರಿಸಬೇಕು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬಾಳುವವರಿಗೆ ಇದು ಬರಿಯ ತರ್ಕದ ಮಾತಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಗಳೇ ಹಿಂದಿನಿಂದಲೂ ಆಧಾರ. ನೀರಿನ ಅಭಾವವಿರುವಲ್ಲಿ ಡ್ರಮ್ಮು, ತೊಟ್ಟಿ, ಸಂಪುಗಳಲ್ಲಿ ಅದನ್ನು ಕೂಡಿಡುವುದು ಅನಿವಾರ್ಯ. ಡೆಂಗ್ಯೂವನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಕೊಚ್ಚೆಯಲ್ಲಲ್ಲ, ನಾವು ಜೋಪಾನವಾಗಿ ತುಂಬಿಟ್ಟ ಇಂತಹ ತಿಳಿನೀರಿನ ಅಂಚಿನಲ್ಲಿಯೇ. 1970ರ ದಶಕದ ಕೊನೆಯ ವರ್ಷಗಳಲ್ಲಿ ಕೋಲಾರ ಜಿಲ್ಲೆಯನ್ನು ಕಾಡಿದ ಮೆದುಳು ಜ್ವರವೂ ಸೊಳ್ಳೆಯಿಂದಲೇ ಬಂದುದು. ಅದು ಹೆಚ್ಚಾಗಿ ಎರಗುವುದು ಎಳೆಯ ಮಕ್ಕಳ ಮೇಲೆ.

ಮೊದಲನೆಯದಾಗಿ, ಪರೀಷಹವನ್ನು ಸಹಿಸುವ ವ್ರತ ಸ್ವಂತ ದೇಹಕ್ಕೆ ಮಾತ್ರ ಸಲ್ಲುವುದು. ತನ್ನ ಹಸಿವನ್ನು ಸಹಿಸಿ ಉಪವಾಸ ಮಾಡುವವನು ತೊಟ್ಟಿಲಿನ ಮಗುವನ್ನು ಉಪವಾಸ ಕೆಡವಲಾರನು. ಅಂತೆಯೇ ತನ್ನ ಮೈಮೇಲಿನ ಸೊಳ್ಳೆಯನ್ನು ಕ್ಷಮಿಸುವವನು ನೆರೆಮನೆಯ ಮಗುವಿಗೆ ಬರುವ ಜ್ವರವನ್ನೂ ತಾನೇ ಕ್ಷಮಿಸಿಬಿಡಲು ಅಧಿಕಾರಿಯಲ್ಲ.

ಎರಡನೆಯದಾಗಿ, ಪ್ರಮಾದದಿಂದ ಪ್ರಾಣಗಳಿಗೆ ಘಾತವುಂಟುಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಹಾಗಾದರೆ ಮುಚ್ಚಳವಿಲ್ಲದ ತೊಟ್ಟಿಯು ಪ್ರಮಾದವಲ್ಲದೆ ಮತ್ತೇನು? ಅಲ್ಲಿ ನೂರಾರು ಜೀವಗಳು ಹುಟ್ಟುತ್ತವೆ. ಹುಟ್ಟಿದ ಮೇಲೆ ಅವು ಸಾಯಬೇಕು, ಇಲ್ಲವೇ ಮನುಷ್ಯರು ನರಳಬೇಕು. ಈ ಇಕ್ಕಟ್ಟನ್ನು ತಂದುಕೊಂಡವರು ನಾವೇ. ನೀರನ್ನು ಇಮ್ಮಡಿ ಮಡಿಸಿದ ಬಟ್ಟೆಯಲ್ಲಿ ಸೋಸಿ ಕುಡಿಯುವ ಕುಲಾಚಾರವುಳ್ಳವರು, ಅದೇ ಬಟ್ಟೆಯನ್ನು ತೊಟ್ಟಿಯ ಬಾಯಿಗೂ ಬಿಗಿದು ಕಟ್ಟಿದರೆ ಸೊಳ್ಳೆ ಒಳಹೋಗದು. ಮೊಟ್ಟೆಯಲ್ಲಿಯೂ ಜೀವವಿದೆ. ಆದುದರಿಂದ ತಿಕ್ಕಿ ತೊಳೆಯುವುದಕ್ಕಿಂತ ಮುಚ್ಚುವುದು ಮೇಲು. ಕೊಲ್ಲುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಸೊಳ್ಳೆಪರದೆಯೂ ಯಾವ ಜೀವಿಯನ್ನೂ ನೋಯಿಸದ ಉಪಾಯವೇ ಸರಿ.

ಆದರೆ ನೀರಿನಲ್ಲಿ ಮರಿಗಳು ಆಗಲೇ ಕಾಣಿಸಿಕೊಂಡಿದ್ದರೆ? ಇಲ್ಲಿ ಆತ್ಮವಂಚನೆಗೆ ಎಡೆಯಿರಬಾರದು. ಆ ನೀರನ್ನು ಬಿಸಿಲಿಗೆ ಚೆಲ್ಲಿದರೆ ಅವು ಸಾಯುತ್ತವೆ. ಚರಂಡಿಗೆ ಬಿಟ್ಟು ಕೈತೊಳೆದುಕೊಂಡರೆ ನಮ್ಮ ದೋಷವನ್ನು ನೆರೆಯವರ ಬಾಗಿಲಿಗೆ ಕಳುಹಿಸಿದಂತಾಗಬಹುದು. ಮನೆಯ ಆಳಿನಿಂದಲೋ ಪುರಸಭೆಯ ನೌಕರನಿಂದಲೋ ಚೆಲ್ಲಿಸಿ, ತಾವು ಕೊಲ್ಲಲಿಲ್ಲವೆಂದು ಸಮಾಧಾನಪಡುವವರುಂಟು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳನ್ನು ಬಲ್ಲವರಿಗೆ ಆ ಸಮಾಧಾನ ಸಲ್ಲದು. 1990ರ ದಶಕದಲ್ಲಿ ಇದೇ ಜಿಲ್ಲೆಯ ಕಾಮಸಮುದ್ರದ ಸುತ್ತಣ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟು ಮಲೇರಿಯವನ್ನು ತಗ್ಗಿಸಿದರು. ವಿಷಸಿಂಪಡಣೆಗಿಂತ ಅದು ಎಷ್ಟೋ ಸೌಮ್ಯವಾದ ಮಾರ್ಗ. ಆದರೂ ಮರಿಗಳನ್ನು ತಿನ್ನಲೆಂದೇ ಮೀನನ್ನು ಬಿಡುವುದರಿಂದ ಅದೂ ಕಾರಿತವೇ. ಹೀಗಿದ್ದರೂ ರೋಗ ಹಬ್ಬಿದ ಊರಿನಲ್ಲಿ ಆರೋಗ್ಯ ಕಾರ್ಯಕರ್ತರನ್ನು ಬಾಗಿಲಲ್ಲಿ ತಡೆಯುವುದು ಅಹಿಂಸೆಯಾಗದು. ನಮ್ಮ ಅಲಕ್ಷ್ಯದಿಂದಾದುದನ್ನು ನಾವೇ ಸರಿಪಡಿಸಿ, ಆಲೋಚನೆ ಪ್ರತಿಕ್ರಮಣಗಳಿಂದ ದೋಷವನ್ನು ಒಪ್ಪಿಕೊಂಡು, ಅದು ಮರುಕಳಿಸದಂತೆ ನಿಯಮ ತೆಗೆದುಕೊಳ್ಳುವುದೇ ಗೃಹಸ್ಥನಿಗೆ ಉಳಿದಿರುವ ಪ್ರಾಮಾಣಿಕ ದಾರಿ.

2024ರಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ದಂಡದ ಭಯದಿಂದ ಮಾಡುವುದಕ್ಕೂ ವ್ರತವೆಂದು ಮಾಡುವುದಕ್ಕೂ ಇರುವ ಅಂತರವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುವ ಮನೆಗಳು, ಆ ಪರ್ವದ ಹಿಂದಿನ ದಿನವೇ ನೀರಿನ ಪಾತ್ರೆಗಳನ್ನು ಬರಿದುಮಾಡಿ, ತಿಕ್ಕಿ ಒಣಗಿಸಿ, ಮುಚ್ಚುವ ನಿಯಮವನ್ನು ಇಟ್ಟುಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ. ಅಷ್ಟಮಿಯಿಂದ ಚತುರ್ದಶಿಗೆ ಆರು ದಿನಗಳಾದರೆ, ಚತುರ್ದಶಿಯಿಂದ ಮುಂದಿನ ಅಷ್ಟಮಿಗೆ ಒಂಬತ್ತು ದಿನಗಳಾಗುತ್ತವೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಿ ಹಾರಲು ಅಷ್ಟೂ ದಿನ ಬೇಕಾಗದಿರಬಹುದು. ಆದುದರಿಂದ ಆ ದೀರ್ಘ ಅವಧಿಯ ನಡುವೆ ಇನ್ನೊಂದು ದಿನವನ್ನು ಸೇರಿಸಿಕೊಳ್ಳತಕ್ಕದ್ದು. ಬರಿದುಮಾಡಲಾಗದ ಸಂಪಿಗೆ ಸಂದಿಲ್ಲದ ಮುಚ್ಚಳವಿರಲಿ. ಹಿತ್ತಲಿನ ಕರಟ, ಒಡೆದ ಮಡಕೆ, ಹಳೆಯ ಟೈರುಗಳಲ್ಲಿ ಮಳೆನೀರು ನಿಲ್ಲದಿರಲಿ.

ಜೀವೋತ್ಪತ್ತಿ ಹೆಚ್ಚುವ ಕಾಲವೆಂದೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಡೆಂಗ್ಯೂ ಹೆಚ್ಚುವುದೂ ಆ ತಿಂಗಳುಗಳಲ್ಲಿಯೇ. ಅವರು ಹೆಜ್ಜೆಯಿಡುವಲ್ಲಿ ತೋರುವ ಎಚ್ಚರವನ್ನು ನಾವು ನೀರು ತುಂಬಿಡುವಲ್ಲಿ ತೋರಿದರೆ ಸಾಕು. ಸೊಳ್ಳೆಯನ್ನು ಕೊಲ್ಲುವ ಪ್ರಸಂಗವೂ ಕಡಿಮೆಯಾದೀತು, ಮಕ್ಕಳು ಜ್ವರದಿಂದ ನರಳುವ ಪ್ರಸಂಗವೂ ಕಡಿಮೆಯಾದೀತು.