ಹೊಸ ಮಾತಿಗೆ ಹೊಸ ಹೆಸರು

ಕೊಟ್ಟ ಮಾತು ಮುಂದೆ ಸುಳ್ಳಾಗುತ್ತದೆ ಎಂದು ಗೊತ್ತಾದರೆ ಏನು ಮಾಡಬೇಕು? ಉಳಿಸಿಕೊಂಡರೆ ಸುಳ್ಳು ಉಳಿಯುತ್ತದೆ, ತಿದ್ದಿದರೆ ನಂಬಿ ಕೂತವನಿಗೆ ಮೋಸ. ಇಂಥ ಧರ್ಮಸಂಕಟಕ್ಕೆ ಹಿರಿಯರು ಭೀಷ್ಮನ ಹೆಸರು ಹೇಳುತ್ತಾರೆ. ರಾಯಚೂರಿನಲ್ಲಿದ್ದುಕೊಂಡು ಸುತ್ತಲಿನ ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಅದು ಎದುರಾದದ್ದು ಮಾನ್ವಿಯ ಅಕ್ಕಿ ಮಿಲ್ಲೊಂದರ ಕಾಟಾ ಕೋಣೆಯಲ್ಲಿ.

ಕಂಪ್ಯೂಟರು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಬಂದಿದೆ. ಹಳೆಯ 32 ಬಿಟ್‌ ಲೆಕ್ಕದಲ್ಲಿ 2,147,483,647ರ ಮುಂದೆ ಜಾಗವಿಲ್ಲ. 2038ರ ಜನವರಿ 19, ನಮ್ಮಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬುತ್ತದೆ. ಮರುಸೆಕೆಂಡಿಗೆ 1901ರ ಡಿಸೆಂಬರ್. ಪಂಚಾಂಗದ ಮಾತಿನಲ್ಲಿ, ಪಿಂಗಳ ಸಂವತ್ಸರದಲ್ಲಿದ್ದವರು ಹಿಂದಿನ ಶತಮಾನದ ಪ್ಲವಕ್ಕೆ ಬಿದ್ದಂತೆ.

ವೈಶೇಷಿಕರ ಪ್ರಕಾರ ಕಾಲ ಒಂದೇ, ನಿತ್ಯ. ಕ್ಷಣ, ದಿನ, ವರ್ಷ ಎಲ್ಲ ಉಪಾಧಿ. ಹಾಗಾದರೆ 2038ರಲ್ಲಿ ಕಾಲಕ್ಕೇನೂ ಆಗದು. ಉಪಾಧಿಯನ್ನು 64 ಬಿಟ್‌ಗೆ ಅಗಲ ಮಾಡಿದರಾಯಿತು ಅನ್ನಿಸುತ್ತದೆ.

ಆಗಲಿಲ್ಲ. ಆ ಕಾಟಾದ ಪ್ರೋಗ್ರಾಂ ಬರೆದವರ ಪತ್ತೆಯಿಲ್ಲ, ಮೂಲ ಕೋಡೂ ಇಲ್ಲ. ಅದಕ್ಕೆ ತೂಕ ತಂದುಕೊಡುವ ಲೈಬ್ರರಿಯನ್ನಷ್ಟೇ ಯಾರೋ 64 ಬಿಟ್ ಲೆಕ್ಕಕ್ಕೆ ಹೊಸದಾಗಿ ಕಂಪೈಲ್ ಮಾಡಿಟ್ಟಿದ್ದರು. ನೆಲ್ಲಿನ ಟ್ರ್ಯಾಕ್ಟರ್ ಕಾಟಾ ಹತ್ತಿತು, ಚೀಟಿ ಬಂತು. "ತಾರೀಖು ಬರಾಬರ್ ಅದ, ತೂಕ ಸೊನ್ನಿ ಬಂದದಲ್ರೀ ಸರ" ಎಂದ ಹಮಾಲಿ. ಪ್ರೋಗ್ರಾಂ ಮೊದಲ ನಾಲ್ಕು ಬೈಟನ್ನು ತಾರೀಖು, ಮುಂದಿನ ನಾಲ್ಕನ್ನು ತೂಕ ಎಂದು ಓದುತ್ತಿತ್ತು. ಲೈಬ್ರರಿ ಈಗ ತಾರೀಖಿಗೇ ಎಂಟು ಬೈಟು ಬರೆಯುತ್ತಿತ್ತು. ಅದರ ಮೊದಲರ್ಧದಲ್ಲಿ ಇವತ್ತಿನ ಲೆಕ್ಕ, ಉಳಿದರ್ಧದಲ್ಲಿ ಮುಂದಿನ ಕಾಲಕ್ಕೆಂದು ಕಾದಿಟ್ಟ ಸೊನ್ನೆಗಳು. ಆ ಸೊನ್ನೆಗಳನ್ನೇ ಪ್ರೋಗ್ರಾಂ ತೂಕವೆಂದು ಅಚ್ಚು ಹಾಕಿತ್ತು. ಎಲ್ಲೂ ಒಂದು ಎಚ್ಚರಿಕೆ ಇಲ್ಲ. ಪ್ರೋಗ್ರಾಂ, ಲೈಬ್ರರಿ ಇಬ್ಬರೂ ಮಾತಿಗೆ ತಪ್ಪಿದವರಲ್ಲ. ಒಬ್ಬನ ಮಾತು ಬದಲಾಗಿದೆ, ಹೆಸರು ಮಾತ್ರ ಹಳೆಯದೇ.

ಡೆಬಿಯನ್ ಲಿನಕ್ಸಿನವರು 2024ರಲ್ಲಿ ಕಾಲದ ಲೆಕ್ಕವನ್ನು ಹೀಗೆ 64 ಬಿಟ್‌ಗೆ ಅಗಲ ಮಾಡುವಾಗ ಸಾವಿರಕ್ಕೂ ಹೆಚ್ಚು ಲೈಬ್ರರಿ ಪ್ಯಾಕೇಜುಗಳಿಗೆ ಮರುನಾಮಕರಣ ಮಾಡಿದರು, ಹೆಸರಿನ ಕೊನೆಗೆ 'ಟಿ64' ಸೇರಿಸಿ. ಕೆಲವರಿಗೆ ಇದು ಕಿರಿಕಿರಿ ಎನ್ನಿಸಿತೇನೋ, ನನಗೆ ಧರ್ಮವಾಗಿ ಕಾಣುತ್ತದೆ. ಹಳೆಯ ಇಂಟೆಲ್ 32 ಬಿಟ್ ಕವಲನ್ನು ಮಾತ್ರ ಅಗಲ ಮಾಡದೆ ಬಿಟ್ಟರು. ಅದರ ಮೇಲಿನ ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು.

ಬದಲಾದಾಗ ಹೆಸರನ್ನೂ ಬದಲಿಸುವುದು ಮಾನ್ವಿಯವರಿಗೆ ಪರಿಚಿತ ದಾರಿ. ಹರಿದಾಸರಾದ ವಿಜಯದಾಸರನ್ನು ಹಗುರವಾಗಿ ಕಂಡ ಇಲ್ಲಿನ ಪಂಡಿತ ಶ್ರೀನಿವಾಸಾಚಾರ್ಯರು ರೋಗಕ್ಕೆ ಬಿದ್ದಾಗ, ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷ ಧಾರೆ ಎರೆದರೆಂದು ಐತಿಹ್ಯ. ಆಯುಷ್ಯ ಬೆಳೆದ ಮೇಲೆ ಆಚಾರ್ಯರು ಹಳೆಯ ಹೆಸರಿನಲ್ಲಿ ನಡೆಯಲಿಲ್ಲ, ಜಗನ್ನಾಥದಾಸರಾದರು. ಹರಿಕಥಾಮೃತಸಾರ ಬಂದದ್ದು ಆ ಮೇಲೆ. ಹಳೆಯ ಪಂಡಿತನನ್ನು ಹುಡುಕಿ ಬಂದವನಿಗೆ ಆತ ಇಲ್ಲಿಲ್ಲ ಎಂದು ಹೊಸ ಹೆಸರೇ ಹೇಳುತ್ತಿತ್ತು. ಒಳಗೆ ಬದಲಾಗಿ ಹೊರಗೆ ಅದೇ ಹೆಸರು ಇಟ್ಟುಕೊಳ್ಳುವುದೇ ನನ್ನ ಲೆಕ್ಕದಲ್ಲಿ ಅಸತ್ಯ, ಬದಲಾಗುವುದಲ್ಲ.

ಮಾನ್ವಿಯಲ್ಲಿ ಹಳೆಯ ಲೈಬ್ರರಿಯನ್ನೇ ವಾಪಸ್ ಹಾಕಿದೆ. ದೇವದುರ್ಗದ ಹತ್ತಿ ಜಿನ್ನಿಂಗ್ ಮಿಲ್ಲಿನ ಹಳೆಯ ಯಂತ್ರವನ್ನೂ ಮುಟ್ಟಿಲ್ಲ. ಈ ಹಳೆಯ ಲೆಕ್ಕಕ್ಕೆ 2038ರ ತನಕ ಮಾತ್ರ ಅವಕಾಶ. ಮಿಲ್ಲಿನ ಯಜಮಾನರೇ, ನಿಮ್ಮ ಕಾಟಾ ಪ್ರೋಗ್ರಾಮಿನ ಮೂಲ ಕೋಡ್ ಯಾರ ಹತ್ತಿರ ಅದ ಅಂತ ಈ ಸುಗ್ಗಿಯೊಳಗೇ ಕೇಳಿ ಇಟ್ಟುಕೊಳ್ಳಿ.