ಕಾಣದ ಮಾತ್ರಕ್ಕೆ ಇಲ್ಲವೆನ್ನಬಹುದೆ?

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಸುತ್ತಿನ ಹೊಲಗಳಿಂದ ಗೋವಿನಜೋಳವನ್ನೂ ಮೆಣಸಿನಕಾಯಿಯನ್ನೂ ಪೇಟೆಗೆ ಸಾಗಿಸುವ ಪಿಕಪ್ ಗಾಡಿಗಳ ಚಾಲಕರಿಗೆ ಆಗಾಗ ಒದಗುವ ಒಂದು ಸಂಕಟವು, ಮೇಲುನೋಟಕ್ಕೆ ಯಂತ್ರಶಾಸ್ತ್ರಕ್ಕಷ್ಟೇ ಸೇರಿದುದೆಂದು ತೋರಿದರೂ, ನಿಂತು ವಿಚಾರಿಸಿದಲ್ಲಿ ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ ಒಂದು ಮಹಾಪ್ರಶ್ನೆಯ ಬಾಗಿಲಿಗೇ ನಮ್ಮನ್ನು ತಂದು ನಿಲ್ಲಿಸುತ್ತದೆ. ಗಾಡಿಯು ಒಮ್ಮೊಮ್ಮೆ ನಡುಗುತ್ತದೆ, ಒಮ್ಮೊಮ್ಮೆ ಇಲ್ಲ. “ಹೇರಿದಾಗ ನಡಗತೈತ್ರಿ, ಖಾಲಿ ಇದ್ದಾಗ ಏನೂ ಇಲ್ರಿ” ಎಂದು ಚಾಲಕನು ಮಿಸ್ತ್ರಿಯ ಮುಂದೆ ತೋಡಿಕೊಳ್ಳುತ್ತಾನೆ. ಮಿಸ್ತ್ರಿಯು ಖಾಲಿ ಗಾಡಿಯನ್ನೇ ಏರಿ, ಊರ ಹೊರಗಿನವರೆಗೆ ಒಂದು ಸುತ್ತು ಹೋಗಿಬಂದು, “ಚಲೋ ಐತಲ್ಲೋ, ಏನಾಗೈತಿ ಇದಕ್ಕ?” ಎಂದು ಕೀಲಿಯನ್ನು ಅವನ ಕೈಗಿಡುತ್ತಾನೆ. ತನಗೆ ಕಾಣಲಿಲ್ಲ, ಆದುದರಿಂದ ಅದು ಇಲ್ಲ ಎಂಬುದು ಅವನ ನಿರ್ಣಯ.

ಗೌತಮನು ನ್ಯಾಯಸೂತ್ರದ ಆದಿಯಲ್ಲಿ ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಪ್ರಯೋಜನ, ದೃಷ್ಟಾಂತ, ಸಿದ್ಧಾಂತ, ಅವಯವ, ತರ್ಕ ಎಂಬ ಐದು ನಡುವೆ ಇವೆ. ಮಿಸ್ತ್ರಿಯು ಅವೈದನ್ನೂ ಒಂದೇ ನೆಗೆತದಲ್ಲಿ ದಾಟಿಬಿಟ್ಟನು. ಕಾಣದಿರುವಿಕೆಯಿಂದ ಇಲ್ಲದಿರುವಿಕೆಯನ್ನು ತಿಳಿಯಬಹುದೆಂಬ ಮಾತು ಶಾಸ್ತ್ರಕ್ಕೆ ಹೊಸತೇನೂ ಅಲ್ಲ. ಕುಮಾರಿಲಭಟ್ಟನ ಮತವನ್ನು ಅನುಸರಿಸಿದ ಮೀಮಾಂಸಕರೂ ಅವರ ತರುವಾಯ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಈ ಕಾಣದಿರುವಿಕೆಯನ್ನು, ಆರನೆಯ ಪ್ರಮಾಣವೆಂದೇ ಅಂಗೀಕರಿಸಿದರು. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಒಪ್ಪದೆ ಪ್ರತ್ಯಕ್ಷಕ್ಕೆ ನೆರವಾಗುವುದೆಂದು ಇರಿಸಿಕೊಂಡರು. ಆದರೆ ಹೀಗೆ ಕಾದಾಡಿದ ಉಭಯ ಪಕ್ಷದವರೂ ಏಕಕಂಠದಿಂದ ಹಾಕಿದ ನಿಬಂಧನೆಯೊಂದುಂಟು: ಆ ಅನುಪಲಬ್ಧಿಯು ಯೋಗ್ಯವಾಗಿರತಕ್ಕದ್ದು. ವಸ್ತುವು ಇದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎಂಬಂಥ ಸನ್ನಿವೇಶದಲ್ಲಿ ಅದು ಕಾಣದೆ ಹೋದರೆ ಮಾತ್ರ ಇಲ್ಲವೆನ್ನಬಹುದು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು.

ಈ ನಡುಕದ ವಿಷಯದಲ್ಲಿ ಆ ಯೋಗ್ಯತೆಯು ಎಂಥದೆಂಬುದನ್ನು ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಅರಿಯಬಹುದು. ಇಂಜಿನ್ನಿನ ಕಡೆಯಿಂದ ಹಿಂದಿನ ಅಚ್ಚಿಗೆ ಶಕ್ತಿಯನ್ನು ಒಯ್ಯುವ ಪ್ರೊಪೆಲರ್ ಶಾಫ್ಟು, ಉದ್ದನೆಯ ಗಾಡಿಗಳಲ್ಲಿ ಎರಡು ತುಂಡಾಗಿದ್ದು, ನಡುವೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗಿನ ಆಧಾರದಿಂದ ತೂಗಿಕೊಂಡು, ಕೀಲುಗಳಲ್ಲಿ ಕ್ರಾಸುಗಳ ಮೂಲಕ ಬಾಗುತ್ತದೆ. ಬಾಗಿದ ಕ್ರಾಸಿನ ಒಂದು ಪಕ್ಕವು ಸಮಗತಿಯಿಂದ ತಿರುಗಿದರೂ ಇನ್ನೊಂದು ಪಕ್ಕವು ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗವನ್ನು ಪಡೆದು ಎರಡು ಬಾರಿ ಕಳೆದುಕೊಳ್ಳುವುದು ಅದರ ಸ್ವಭಾವ. ಕೋನಗಳು ಸರಿಹೊಂದಿದ್ದರೆ ಒಂದರ ಏರಿಳಿತವನ್ನು ಮತ್ತೊಂದು ನುಂಗಿಹಾಕುತ್ತದೆ. ಮೂಟೆಗಳ ಭಾರಕ್ಕೆ ಸ್ಪ್ರಿಂಗಿನ ಪಾಟಾಗಳು ಚಪ್ಪಟೆಯಾದೊಡನೆ ಕೋನಗಳು ಬದಲಾಗುತ್ತವೆ. ರಬ್ಬರು ಹರಿದಿದ್ದರೆ, ಕ್ರಾಸು ಸವೆದಿದ್ದರೆ, ಅದುವರೆಗೆ ಮೌನವಾಗಿದ್ದ ದೋಷವು ಆಗ ಬಾಯಿಬಿಡುತ್ತದೆ. ವೇಗವೂ ಒಂದು ನಿಯಮವೇ. ಸುಮಾರು 70 ಸೆಂಟಿಮೀಟರ್ ವ್ಯಾಸದ ಚಕ್ರವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಏಳೂವರೆ ಸುತ್ತು ತಿರುಗಿದರೆ, ಶಾಫ್ಟು ಅದರ ಸುಮಾರು ನಾಲ್ಕು ಪಟ್ಟಿನಷ್ಟು, ಎಂದರೆ ಸುಮಾರು 30 ಸುತ್ತು ತಿರುಗುತ್ತದೆ. ಆದುದರಿಂದಲೇ ಚಕ್ರದ ದೋಷವು ನಿಧಾನವಾದ ಕುಲುಕಾಟವಾಗಿಯೂ ಶಾಫ್ಟಿನ ದೋಷವು ಸೀಟಿನಡಿಯ ಸಣ್ಣ ಗುಂಯ್‌ಕಾರವಾಗಿಯೂ ಮೈಗೆ ತಟ್ಟುತ್ತವೆ. ಅದೇ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದಾಗಲೂ ನಡುಕ ಉಳಿದರೆ ಇಂಜಿನ್ನು ಬಹುಮಟ್ಟಿಗೆ ನಿರ್ದೋಷಿ. ಖಾಲಿ ಗಾಡಿಯನ್ನು ಊರ ಹೊರಗಿನವರೆಗಷ್ಟೇ ಓಡಿಸಿದ ಮಿಸ್ತ್ರಿಯು ಕತ್ತಲ ಕೋಣೆಯಲ್ಲಿ ಗಡಿಗೆಯನ್ನು ಅರಸಿದನು.

ಕಾರಣವನ್ನು ಗೊತ್ತುಮಾಡುವುದಕ್ಕೂ ಅವಸರ ಸಲ್ಲದು. ಮೆಣಸಿನಕಾಯಿ ಹೇರಿ ಬ್ಯಾಡಗಿಗೆ ಹೋದಾಗ ಗಾಡಿಯು ಸುಮ್ಮನಿತ್ತು, ಗೋವಿನಜೋಳ ಹೇರಿ ರಾಣೇಬೆನ್ನೂರಿಗೆ ಹೋದಾಗ ನಡುಗಿತು ಎನ್ನೋಣ. ಒಣ ಮೆಣಸಿನಕಾಯಿಯ ಚೀಲ ನೋಡಲು ದೊಡ್ಡದು, ತೂಕ ಕಡಿಮೆ. ಆದಕಾರಣ ಭಾರವೇ ಹೇತುವೆಂದು ಮನಸ್ಸು ಓಡುತ್ತದೆ. ಆದರೆ ದಾರಿಯೂ ಬೇರೆಯಾಗಿತ್ತಲ್ಲವೆ? ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬ ವ್ಯಾಪ್ತಿಯನ್ನು ಹಸಿ ಕಟ್ಟಿಗೆಯೆಂಬ ಉಪಾಧಿಯು, ಎಂದರೆ ಮರೆಯಲ್ಲಿರುವ ಬೇರೊಂದು ನಿಬಂಧನೆಯು, ಮುರಿದುಹಾಕುವಂತೆ, ಇಲ್ಲಿ ರಸ್ತೆಯೆಂಬ ಉಪಾಧಿಯು ಅಡಗಿರಬಹುದು. ಅದೇ ಗೋವಿನಜೋಳವನ್ನು ಬ್ಯಾಡಗಿಯ ದಾರಿಯಲ್ಲಿ ಒಯ್ದು ನೋಡಿದ ಬಳಿಕವೇ, ಇದು ಇದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ ಎಂಬ ಅನ್ವಯವ್ಯತಿರೇಕಗಳು ಪೂರ್ಣವಾಗುತ್ತವೆ. ಬೇಸತ್ತು ನಾಲ್ಕು ಭಾಗಗಳನ್ನು ಒಟ್ಟಿಗೇ ಬದಲಿಸುವವನ ಗಾಡಿಯ ನಡುಕ ಹೋಗಬಹುದು. ಯಾವುದರಿಂದ ಹೋಯಿತೆಂಬುದು ಅವನಿಗೆ ಎಂದಿಗೂ ತಿಳಿಯದು.

ಮಿಸ್ತ್ರಿಯ ನಡೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನ ವ್ಯಥೆಯನ್ನುಂಟುಮಾಡುವುದು ಅವನು ಚಾಲಕನ ಮಾತನ್ನು ತಳ್ಳಿಹಾಕಿದುದು. ವಸ್ತುವನ್ನು ಸಾಕ್ಷಾತ್ತಾಗಿ ಕಂಡು, ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ಹೇಳಿದ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನು, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸ್ಪಷ್ಟವಾಗಿ ಸೇರಿಸಿದನು. ಎಂಥ ಉದಾರವಾದ ಮಾತು! ಸ್ಟೀರಿಂಗ್ ಹಿಡಿದ ಚಾಲಕನು ತನ್ನ ಗಾಡಿಯ ವಿಷಯದಲ್ಲಿ ಆಪ್ತನು. ಹಾಗೆಯೇ ಇದೇ ತಾಲ್ಲೂಕಿನ ಚೌಡದಾನಪುರದೊಡನೆ ಹೆಸರು ಬೆಸೆದುಕೊಂಡಿರುವ, ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನು ಹನ್ನೆರಡನೆಯ ಶತಮಾನದಲ್ಲಿ ಭವಸಾಗರದ ಮಾತನ್ನಾಡಿದಾಗ, ನೀರನ್ನು ಬಲ್ಲವನ ಅಧಿಕಾರವು ಆ ಮಾತಿನ ಹಿಂದೆ ಇದ್ದಿತು.

ಇಷ್ಟನ್ನು ಒಪ್ಪಿದ ಮೇಲೆ ದೊಡ್ಡ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ದೇವರ ಸಾನ್ನಿಧ್ಯವು ತಮಗೆ ಒಮ್ಮೊಮ್ಮೆ ಒದಗಿ ಒಮ್ಮೊಮ್ಮೆ ಮರೆಯಾಯಿತೆಂದು ಭಕ್ತರು ಎಲ್ಲ ಕಾಲಗಳಲ್ಲಿಯೂ ಹೇಳಿದ್ದಾರೆ. ಹುಡುಕಿದೆ, ಕಾಣಲಿಲ್ಲ, ಆದುದರಿಂದ ಇಲ್ಲ ಎಂಬ ನಾಸ್ತಿಕನಿಗೆ, ಯಾವ ಭಾರವನ್ನು ಹೊತ್ತು, ಎಷ್ಟು ದೂರ ಹೋಗಿ ಹುಡುಕಿದೆಯೆಂದು ಕೇಳುವ ಹಕ್ಕು ನಮಗುಂಟು. ಆದರೆ ಈ ಶಸ್ತ್ರಕ್ಕೆ ಎರಡು ಬಾಯಿ. ಇಂಥ ಹೇರು, ಇಂಥ ವೇಗ, ಇಂಥ ದಾರಿಯೆಂದು ಚಾಲಕನು ತನ್ನ ನಿಯಮಗಳನ್ನು ಹೇಳಬಲ್ಲನು. ಆ ನಿಯಮಗಳಂತೆ ಓಡಿಸಿಯೂ ನಡುಕ ಬಾರದಿದ್ದರೆ ಅವನು ತನ್ನ ಮಾತನ್ನು ಹಿಂದೆಗೆದುಕೊಳ್ಳಬೇಕಾಗುತ್ತದೆ. ಆಸ್ತಿಕನು ಸಾಧನೆಯೇ ಆ ನಿಯಮವೆನ್ನುತ್ತಾನೆ. ಸರಿಯೇ, ಆದರೆ ಪ್ರಾಮಾಣಿಕನೊಬ್ಬನು ಜೀವಮಾನವೆಲ್ಲ ಸಾಧನೆ ಮಾಡಿ ಏನನ್ನೂ ಕಾಣೆನೆಂದಾಗ, ನಿನ್ನ ಸಾಧನೆ ಸಾಲದು ಎಂಬ ಒಂದೇ ಉತ್ತರವನ್ನು ಕೊನೆಮೊದಲಿಲ್ಲದೆ ಕೊಡುತ್ತ ಹೋಗುವುದು ವಾದವೂ ಅಲ್ಲ, ಭಕ್ತಿಯೂ ಅಲ್ಲ. ನಾನು ಶ್ರದ್ಧೆಯುಳ್ಳವನೇ. ಆದರೂ ಏನು ನಡೆದರೆ ತನ್ನ ಮಾತು ಸುಳ್ಳಾಗುವುದೆಂದು ಹೇಳಲೊಲ್ಲದ ಆಸ್ತಿಕನಿಗೆ, ಖಾಲಿ ಗಾಡಿಯನ್ನು ಓಡಿಸಿಬಂದ ಆ ಮಿಸ್ತ್ರಿಯನ್ನು ಆಕ್ಷೇಪಿಸುವ ಅಧಿಕಾರವಿಲ್ಲವೆಂದೇ ನನ್ನ ಅಭಿಪ್ರಾಯ.