ಬಿರುಕು ಕುಂದೋ, ಅಲಂಕಾರವೋ?

ಸಂತೆಯಲ್ಲಿ ಮಡಕೆ ಕೊಳ್ಳುವವಳು ಮೊದಲು ಏನು ಮಾಡುವಳು? ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುವಳು. ನಾದವು ಚೆನ್ನಾಗಿದ್ದರೆ ಕೊಳ್ಳುವಳು. ಒಡಕು ಸದ್ದು ಬಂದರೆ ಕೆಳಗಿಡುವಳು. ಹೀಗಿರಲಾಗಿ, ಕುಂಬಾರನೊಬ್ಬನು ಬೇಕೆಂದೇ ಬಿರುಕು ಬರಿಸಿ ಅದನ್ನೇ ಅಂದವೆಂದು ಮಾರುತ್ತಾನೆಂದರೆ ಆಕೆ ನಂಬುವಳೋ? ಆದರೂ ಚೀನಾ ದೇಶದಲ್ಲಿ ಇದು ಬಹು ಕಾಲದಿಂದ ನಡೆದ ಸಂಗತಿ. ಇಂದಿಗೂ ಅನೇಕ ದೇಶಗಳ ಕುಂಬಾರರು ಇದರಲ್ಲಿ ಪ್ರಯೋಗ ಮಾಡುತ್ತಿದ್ದಾರೆ. ಬೇಕೆಂದು ಮಾಡಿದ ಮಾತ್ರಕ್ಕೆ ಕುಂದು ಕುಂದಾಗದೆ ಹೋಗುವದೋ ಎಂಬದೇ ನಮ್ಮ ಪ್ರಶ್ನೆ.

ಮೊದಲು ಕಾರಣವನ್ನು ತಿಳಿಯೋಣ. ಪಿಂಗಾಣಿ ಮೊದಲಾದ ಪಾತ್ರೆಗಳ ಮೇಲಿನ ಮೆರುಗು ಗಾಜಿನ ತೆಳ್ಳನೆಯ ಹೊದಿಕೆಯೇ ಆಗಿದೆ. ಆವಿಗೆಯ ಉರಿಯಲ್ಲಿ ಅದು ಕರಗಿ ಮಣ್ಣಿಗೆ ಅಂಟಿಕೊಳ್ಳುವದು. ಆವಿಗೆ ಆರುವಾಗ ಮಣ್ಣೂ ಮೆರುಗೂ ಕುಗ್ಗುವವು. ಮೆರುಗು ತುಸು ಕಡಿಮೆಯಾಗಿ ಕುಗ್ಗಿದರೆ ಪಾತ್ರೆ ಗಟ್ಟಿಯಾಗುವದು. ಅದೇ ಹೆಚ್ಚು ಕುಗ್ಗಿದರೋ, ಒಗೆದು ಕುಗ್ಗಿದ ಅಂಗಿಯನ್ನು ದೊಡ್ಡ ಮೈಗೆ ತೊಡಿಸಿದಂತೆ ಬಿಗಿದು, ಬಲೆಯ ಹಾಗೆ ಸೀಳುವದು. ಸೋಡಾ, ಪೊಟ್ಯಾಷ್ ಎಂಬ ಕ್ಷಾರಗಳು ಹೆಚ್ಚಿದರೆ ಬಿರುಕು ಹೆಚ್ಚುವದು. ಬೆಣಚುಕಲ್ಲಿನ ನುಣುಪಾದ ಪುಡಿಯನ್ನು ಕೂಡಿಸಿದರೆ ತಗ್ಗುವದು. ಆದದರಿಂದ ಪ್ರಯೋಗ ಮಾಡುವವನು ಒಂದೇ ಮಣ್ಣಿನಿಂದ ಹಲವು ಬಿಲ್ಲೆಗಳನ್ನು ತಟ್ಟಿ, ಒಂದೊಂದಕ್ಕೆ ಆ ಪುಡಿಯ ಅಳತೆಯನ್ನು ಬದಲಿಸಿ ಬಳಿದು, ಸುಟ್ಟು ನೋಡುತ್ತಾನೆ. ತಾಳ್ಮೆಯಿಲ್ಲದವನಿಗೆ ಈ ಕೆಲಸವಲ್ಲ.

ದಕ್ಷಿಣ ಸಾಂಗ್ ಅರಸರ ಕಾಲದಲ್ಲಿ (1127–1279) ಹಾಂಗ್‌ಚೌ ಪಟ್ಟಣದ ಅರಮನೆಯ ಆವಿಗೆಗಳಲ್ಲಿ ಸುಟ್ಟ ಗ್ವಾನ್ ಪಾತ್ರೆಗಳು ಇಂಥ ಬಿರುಕಿಗೆ ಹೆಸರಾದವು. ಕಬ್ಬಿಣದ ಅಂಶವುಳ್ಳ ಕಪ್ಪು ಮಣ್ಣಿನ ಮೇಲೆ ಮೆರುಗನ್ನು ಹಲವು ಸಾರಿ ದಪ್ಪವಾಗಿ ಬಳಿಯುತ್ತಿದ್ದರು. ಗೆ ಎಂಬ ಇನ್ನೊಂದು ಬಗೆಯ ಪಾತ್ರೆಯಲ್ಲಿ ದೊಡ್ಡ ಬಿರುಕುಗಳು ಕಪ್ಪಾಗಿಯೂ ಸಣ್ಣವು ಹಳದಿಯಾಗಿಯೂ ಕಾಣುವದರಿಂದ, ಚೀನೀಯರು ಅವುಗಳನ್ನು ಚಿನ್ನದ ನೂಲು, ಕಬ್ಬಿಣದ ತಂತಿ ಎಂದು ಕರೆದರು. ಮೊದಲನೆಯ ಬಿರುಕು ಯಾರೂ ಕರೆಯದೆ ಬಂದಿರಬೇಕೆಂದು ನನಗೆ ತೋರುತ್ತದೆ. ಅದನ್ನು ನೋಡಿ ಒಡೆದು ಬಿಸಾಡದೆ ಉಳಿಸಿಕೊಂಡವನ ಕಣ್ಣು ದೊಡ್ಡದು.

ಕುಂಬಾರನ ಉದ್ದೇಶವೇ ಎಲ್ಲವನ್ನೂ ತೀರ್ಮಾನಿಸುವದೆಂದು ಕೆಲವರು ವಾದಿಸುವರು. ಇದಕ್ಕೆ ನಾನು ಒಪ್ಪಲಾರೆನು. ಹೂವಿಡುವ ಪಾತ್ರೆಯಲ್ಲಿ ಬಿರುಕು ಶೋಭೆಯೇ ಸರಿ. ಅದೇ ಬಿರುಕು ಗಂಜಿಯ ಬಟ್ಟಲಲ್ಲಿದ್ದರೆ, ಅನ್ನದ ರಸವು ಸೀಳುಗಳೊಳಗೆ ಇಳಿದು ಎಷ್ಟು ತೊಳೆದರೂ ಹೋಗದು. ಪಾತ್ರೆಯ ಬಲವೂ ಕುಂದುವದು. ಗಂಜಿಯು ಕುಂಬಾರನ ಮನಸ್ಸನ್ನು ಕೇಳಿಕೊಂಡು ಇಳಿಯುವದಿಲ್ಲವಷ್ಟೆ! ನೋಡುವವನಿಗೆ ಅಂದವಾದದ್ದು ಉಣ್ಣುವವನಿಗೆ ಕೇಡಾದರೆ, ಉಣ್ಣುವವನ ಮಾತನ್ನೇ ಮೊದಲು ಕೇಳತಕ್ಕದ್ದು.

ಮೋಸದ ವಿಷಯವೂ ಉಂಟು. ಬಿರುಕಿಗೆ ಮಸಿ ಅಥವಾ ಚಹದ ಕಷಾಯ ತಿಕ್ಕಿದರೆ ಹೊಸ ಪಾತ್ರೆಯೂ ಹಳೆಯದಾಗಿ ಕಾಣುವದು. ಯೊಂಗ್‌ಜೆಂಗ್ ಚಕ್ರವರ್ತಿಯ ಕಾಲದಲ್ಲಿ (1723–1735) ಜಿಂಗ್‌ದೆಜೆನ್ ಊರಿನ ಕುಂಬಾರರು ಗ್ವಾನ್ ಮತ್ತು ಗೆ ಪಾತ್ರೆಗಳನ್ನು ಅನುಕರಿಸಿ ಮಾಡಿದರು. ಆದರೆ ಅವುಗಳಲ್ಲಿ ಅನೇಕದರ ಅಡಿಯಲ್ಲಿ ತಮ್ಮ ಅರಸನ ಕಾಲದ ಮುದ್ರೆಯನ್ನೇ ಬರೆದರು. ಅಲ್ಲಿ ಸುಳ್ಳಿಲ್ಲ. ವರ್ತಕನೊಬ್ಬನು ಆ ಮುದ್ರೆಯನ್ನು ಉಜ್ಜಿ ತೆಗೆದು ಹಳೆಯದೆಂದು ಮಾರಿದರೆ, ಪಾತ್ರೆಯಲ್ಲಿ ಒಂದು ಗೆರೆಯೂ ಬದಲಾಗದೆ ಬಿರುಕೆಲ್ಲಾ ಸುಳ್ಳುಸಾಕ್ಷಿಯಾಗುವದು.

ಎಲ್ಲಕ್ಕಿಂತ ಕಠಿಣವಾದದ್ದು ತಡವಾಗಿ ಬರುವ ಬಿರುಕು. ಸರಿಯಾಗಿ ಬೇಯದ ಮಣ್ಣು ಗಾಳಿಯ ತೇವವನ್ನು ಹೀರಿ ಮೆಲ್ಲಮೆಲ್ಲನೆ ಉಬ್ಬುವದರಿಂದ, ಮಾರಿದ ಎಷ್ಟೋ ತಿಂಗಳ ಮೇಲೆ, ಕೆಲವು ಸಾರಿ ವರ್ಷಗಳ ಮೇಲೆ ಮೆರುಗು ಸೀಳುವದು. ಮಾರಿದವನು ಕೊಟ್ಟದ್ದು ಬಿರುಕಿಲ್ಲದ ಪಾತ್ರೆಯೇ. ಕೊಂಡವನು ಕಂಡದ್ದೂ ಹಾಗೆಯೇ. ತಪ್ಪು ಯಾರದು? ಇದನ್ನು ಅರಿಯದ ಕುಂಬಾರನನ್ನು ನಾನು ದೂರಲಾರೆನು. ಆದರೆ ಪರೀಕ್ಷೆ ಉಂಟು. ಒತ್ತಡದ ಹಬೆಯಲ್ಲಿ ಪಾತ್ರೆಯನ್ನು ಕೆಲವು ತಾಸು ಇಟ್ಟರೆ ಮುಂದೆ ಬರತಕ್ಕ ಬಿರುಕು ಇಂದೇ ಹೊರಬೀಳುವದು. ಕುದಿಯುವ ನೀರಿನಿಂದ ತೆಗೆದು ಮಂಜಿನ ನೀರಿನಲ್ಲಿ ಮತ್ತೆ ಮತ್ತೆ ಅದ್ದಿದರೆ ಬಿಗಿತಾಳದ ಮೆರುಗು ಬಿಡುವದು. ಈ ಪರೀಕ್ಷೆಯನ್ನು ಬಲ್ಲವನಾಗಿದ್ದು, ಸಂತೆಯ ದಿನ ಹತ್ತಿರವಾಯಿತೆಂದು ಮಾಡದೆ ಊಟದ ಬಟ್ಟಲುಗಳನ್ನು ಗಾಡಿಗೆ ಏರಿಸಿದವನು, ಮಾರುವಾಗ ಬಿರುಕಿರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರನು.